ಎರಡು ಬಾಗಿಲಿನ ಪಿಕಪ್

ಸಿಸ್ಟರಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಎಲ್ಲರ ತಟ್ಟೆಗೂ ಅನ್ನ ಬಡಿಸಿ, ಬೇಳೆಯ ಪಾತ್ರೆಯನ್ನು ಮೇಜಿನ ನಡುವೆ ಇಟ್ಟು, ತಾನೂ ಕುರ್ಚಿ ಎಳೆದುಕೊಂಡು ಕೂತು, "ನಾನೊಂದು ಪಿಕಪ್ ತಗೊಳ್ತಿದೀನಿ" ಎಂದಳು.

ಮಗ ತುತ್ತನ್ನು ಬಾಯಿಯ ಹತ್ತಿರವೇ ತಡೆದ. "ಏನನ್ನ?"

"ಗಾಡಿ ಕಣೋ. ಹಿಂದುಗಡೆ ತೆರೆದ ತೊಟ್ಟಿ ಇರತ್ತಲ್ಲ, ಅದು. ನಾಲ್ಕೂ ಚಕ್ರಕ್ಕೆ ಎಳೆತ ಇರೋದು. ಕಲ್ಲು, ಮರಳು, ಹೊಳೆ, ಎಲ್ಲಾ ಹತ್ತಿ ಇಳಿಯೋ ಅಂಥದ್ದು."

"ಯಾರಿಗೆ?"

"ನನಗೆ."

ಗಂಡ ಬೇಳೆಯನ್ನು ಇನ್ನೊಂದು ಸೌಟು ಹಾಕಿಕೊಂಡು, "ಉಪ್ಪು ಒಂಚೂರು ಕಮ್ಮಿ ಆಗಿದೆ" ಎಂದ. ಬೀದಿಯ ಮೂಲೆಯಲ್ಲಿ ಅವನದು ಕನ್ನಡಕದ ಅಂಗಡಿ. ಮನೆಯಲ್ಲಿ ಯಾವುದಾದರೂ ದೊಡ್ಡ ಮಾತು ಎದ್ದಿತೆಂದರೆ ಅವನಿಗೆ ಉಪ್ಪು, ಹುಳಿ, ಫ್ಯಾನಿನ ಸದ್ದು, ಇಂಥವೇ ನೆನಪಾಗುತ್ತಿದ್ದವು.

ಸೊಸೆ ನಾಲ್ಕು ವರ್ಷದ ಮಗಳ ಅನ್ನವನ್ನು ಬೆರಳಲ್ಲಿ ಕಿವುಚುತ್ತಿದ್ದವಳು ಕಿವುಚುತ್ತಲೇ ಇದ್ದಳು. ಅದು ಮುದ್ದೆಯಾಗಿ ಗಂಜಿಯಾಗುವವರೆಗೂ ಕಿವುಚಿ ಆಮೇಲೆ ತಲೆಯೆತ್ತಿದಳು. "ಗಾಡಿ ತಗೊಂಡು ಎಲ್ಲಿಗೆ ಹೋಗ್ತೀರಿ ಅತ್ತೆ?"

"ಗುಡ್ಡದ ಆಚೆಗೆ. ಎಕ್ಸ್‌ರೇ ಬರ್ತಾಳೆ ಜೊತೆಗೆ."

ಎಕ್ಸ್‌ರೇ ಎಂದರೆ ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಗೆಳತಿ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿ ಒಂದೇ ವರ್ಷ ಬಿಟ್ಟವರು.

"ಎಷ್ಟು ದಿನಕ್ಕೊಂದ್ಸಲ ಹೋಗ್ತೀರಿ?"

"ಮನಸ್ಸು ಬಂದಾಗೆಲ್ಲ."

ಸೊಸೆ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. ಜೋರಾಗಿಯೇನಲ್ಲ. ಆದರೂ ಆ ಸದ್ದು ಎಲ್ಲರಿಗೂ ಕೇಳಿಸಿತು.

ಸಿಸ್ಟರಮ್ಮನಿಗೆ ಇದು ಇದ್ದಕ್ಕಿದ್ದಂತೆ ಹತ್ತಿದ ಹುಚ್ಚಲ್ಲ. ಬಹಳ ಹಿಂದೆ, ಮಗ ಇನ್ನೂ ಶಾಲೆಯಲ್ಲಿದ್ದಾಗ, ಗುಡ್ಡದ ಆಚೆಯ ಹಳ್ಳಿಗಳಲ್ಲಿ ಜ್ವರ ಹಬ್ಬಿತ್ತು. ಆಸ್ಪತ್ರೆಯವರು ಅವಳನ್ನೂ ಎಕ್ಸ್‌ರೇಯನ್ನೂ ಒಂದು ಹಳೇ ಪಿಕಪ್ ಕೊಟ್ಟು ಅಲ್ಲಿಗೆ ಕಳಿಸಿದ್ದರು. ಎರಡನೇ ದಿನವೇ ಡ್ರೈವರಿಗೂ ಜ್ವರ ಬಂತು. ಮಲಗಿದಲ್ಲಿಂದಲೇ ಅವನು ಕೂಗಿ ಹೇಳಿಕೊಡುತ್ತ, ಇವಳು ಗೇರು ಕಿರುಚಿಸುತ್ತ, ಒಣಗಿದ ಹೊಳೆಯ ಬಯಲಿನಲ್ಲಿ ಗಾಡಿ ಓಡಿಸುವುದನ್ನು ಕಲಿತಳು. ಇರುಳು ಔಷಧಿಯ ಡಬ್ಬಗಳನ್ನು ಸರಿಸಿ ಹಿಂದಿನ ತೊಟ್ಟಿಯಲ್ಲೇ ಮಲಗುತ್ತಿದ್ದರು. ಆಮೇಲೆ ಪಟ್ಟಣಕ್ಕೆ ವಾಪಸು ಬಂದು ಉಳಿದ ವರ್ಷಗಳನ್ನೆಲ್ಲ ಟ್ಯೂಬ್‌ಲೈಟಿನ ಕೆಳಗೆ, ಇನ್ನೊಬ್ಬರ ಉಸಿರು ಎಣಿಸುತ್ತ ಕಳೆದಳು. ಡ್ಯೂಟಿ ಮುಗಿಸಿ ಆಸ್ಪತ್ರೆಯ ಟೆರೇಸಿನಲ್ಲಿ ಚಹಾ ಕುಡಿಯುವಾಗ ದೂರದಲ್ಲಿ ಗುಡ್ಡದ ಸಾಲು ಕಾಣುತ್ತಿತ್ತು. "ಕೆಲಸ ಬಿಟ್ಟ ದಿನ ಹೊರಟುಬಿಡೋಣ ಕಣೇ" ಎಂದು ಎಕ್ಸ್‌ರೇ ಹೇಳುತ್ತಿದ್ದಳು. ಅವಳು ತಮಾಷೆಗೆ ಹೇಳುತ್ತಿದ್ದಳೇನೋ, ಇವಳು ಕೇಳಿಸಿಕೊಂಡದ್ದು ತಮಾಷೆಯಾಗಿ ಅಲ್ಲ.

ಮರುದಿನದಿಂದಲೇ ಗಾಡಿ ಆರಿಸುವ ಕೆಲಸವನ್ನು ಮಗ ತನ್ನ ಕೈಗೆ ತೆಗೆದುಕೊಂಡ. ಅವನು ವಿಮಾ ಕಚೇರಿಯಲ್ಲಿ ಅಪಘಾತದ ಕೇಸು ನೋಡುವವನು. ಜಗತ್ತಿನಲ್ಲಿರುವ ಗಾಡಿಗಳೆಲ್ಲ ಎಲ್ಲಿ ಗುದ್ದುತ್ತವೆ, ಎಲ್ಲಿ ಉರುಳುತ್ತವೆ ಎಂಬುದು ತನಗೆ ಗೊತ್ತು ಎಂದು ಅವನ ನಂಬಿಕೆ.

"ನಿನಗೆ ಇದು ಮೊದಲನೇ ಗಾಡಿ ಅಮ್ಮ. ಯಾಮಾರಿದ್ರೆ ಕಷ್ಟ" ಎನ್ನುತ್ತ ಬೆಳಗಿನ ಬ್ರೆಡ್ಡು ಮೊಟ್ಟೆಯ ಮುಂದೆ ಫೋನನ್ನು ಲೋಟಕ್ಕೆ ಒರಗಿಸಿ ವೀಡಿಯೋ ಹಾಕುತ್ತಿದ್ದ. ಯಾರೋ ಗಡ್ಡದವನು ಕೆಸರಿನಲ್ಲಿ ನಿಂತು ಗಾಡಿಯ ಬಾನೆಟ್ಟು ತಟ್ಟುತ್ತಿದ್ದ. "ನೋಡು, ಇದರ ಮೈಲೇಜ್ ಚೆನ್ನಾಗಿದೆ. ಹಿಂದೆ ಕ್ಯಾಮೆರಾ ಇದೆ. ನಾಳೆ ಮಾರಿದ್ರೂ ಬೆಲೆ ಬರತ್ತೆ."

"ತಗೊಳ್ಳೋಕೆ ಮುಂಚೆ ಮಾರೋ ಮಾತೇನೋ?"

"ಯೋಚನೆ ಮಾಡಬೇಕಮ್ಮ ಎಲ್ಲಾನೂ."

"ಹೊಟ್ಟೆ ಎಷ್ಟು ಎತ್ತರ ಇದೆ ಹೇಳು. ನೆಲದಿಂದ. ಕಲ್ಲಿಗೆ ತಾಗಬಾರದು."

"ನಮ್ಮ ಬೀದೀಲಿ ಕಲ್ಲೆಲ್ಲಿದೆ?"

"ನಾನು ಬೀದೀಲಿ ಓಡಿಸೋಕೆ ತಗೊಳ್ತಿಲ್ಲ!"

ಹೀಗೆ ಮೂರು ಹೊತ್ತೂ ಊಟದ ಮೇಜು ಗಾಡಿಯ ಅಂಗಡಿಯಾಯಿತು. ಗಂಡನಿಗೆ ಅಂಗಡಿಯ ಗಾಜಿನ ಕಪಾಟು ಸಾಗಿಸುವುದಿತ್ತು, ಅವನು ಅದರ ಅಳತೆ ಹೇಳಿದ. ಮೊಮ್ಮಗಳಿಗೆ ಕೆಂಪು ಬಣ್ಣ ಬೇಕಿತ್ತು. ಪಕ್ಕದ ಮನೆಯವರು ಆಗಲೇ ತಮ್ಮ ಸೋಫಾದ ವಿಷಯ ತೆಗೆದಿದ್ದರು. ಸೊಸೆ ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿದಳು, ಅದನ್ನೂ ಪಾತ್ರೆ ತೊಳೆಯುತ್ತ, ಬೆನ್ನು ಮಾಡಿಕೊಂಡೇ.

"ಎಷ್ಟು ಸೀಟು?"

"ಇನ್ನೂ ಗೊತ್ತಿಲ್ಲ."

"ಓಹೋ."

ಆ 'ಓಹೋ' ಸಿಸ್ಟರಮ್ಮನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಬಾಯಿಬಿಟ್ಟು ಜಗಳವಾಡಿದರೆ ಎದುರು ಮಾತಾಡಬಹುದು. 'ಓಹೋ' ಎಂದರೆ ಏನು ಮಾಡುವುದು?

ಶನಿವಾರ ತಾಯಿ ಮಗ ಶೋರೂಮಿಗೆ ಹೋದರು. ಒಂದೇ ಜಾತಿಯ ಎರಡು ಗಾಡಿ ಅಕ್ಕಪಕ್ಕ ನಿಂತಿದ್ದವು. ಒಂದಕ್ಕೆ ನಾಲ್ಕು ಬಾಗಿಲು, ಐದು ಸೀಟು, ಹಿಂದೆ ಮೊಟಕು ತೊಟ್ಟಿ. ಇನ್ನೊಂದಕ್ಕೆ ಎರಡೇ ಬಾಗಿಲು, ಎರಡೇ ಸೀಟು, ಹಿಂದೆ ಉದ್ದನೆಯ ತೊಟ್ಟಿ. ಟೈ ಕಟ್ಟಿದ್ದ ಹುಡುಗ ನಾಲ್ಕು ಬಾಗಿಲಿನದರ ಸುತ್ತ ಕೈ ಆಡಿಸುತ್ತ ಮಾತು ಶುರು ಮಾಡಿದ. ಸಿಸ್ಟರಮ್ಮ ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು, ಅದೇ ಗಾಡಿಯ ತೊಟ್ಟಿಯ ಹಿಂಬಾಗಿಲು ಇಳಿಸಲು ಹೇಳಿ, ಮೊಣಕಾಲೂರಿ ತೊಟ್ಟಿ ಹತ್ತಿ ಅಂಗಾತ ಮಲಗಿಬಿಟ್ಟಳು.

"ಅಮ್ಮಾ!" ಮಗ ಸುತ್ತ ನೋಡಿದ. "ಏಳು, ಜನ ನೋಡ್ತಿದಾರೆ."

"ಬಾಗಿಲು ಹಾಕು."

"ಏನು?"

"ಹಾಕಪ್ಪಾ ಬಾಗಿಲು!"

ಟೈ ಹುಡುಗ ಬಾಗಿಲು ಎತ್ತಿದ. ಸಿಸ್ಟರಮ್ಮನ ಪಾದ ಅದಕ್ಕೆ ತಾಗಿ ಮೊಣಕಾಲು ಮಡಚಿಕೊಂಡಿತು. ಅವಳು ಎದ್ದು ಬಂದು ಪಕ್ಕದ ಗಾಡಿಯ ತೊಟ್ಟಿಯಲ್ಲಿ ಮಲಗಿದಳು. ಅದರಲ್ಲಿ ಕಾಲು ನೀಟಾಗಿ ಚಾಚಿತು. ಕೈಯನ್ನು ತಲೆಯ ಕೆಳಗಿಟ್ಟುಕೊಂಡು ಶೋರೂಮಿನ ಛಾವಣಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಇದು" ಎಂದಳು.

"ಎರಡೇ ಸೀಟು ಅಮ್ಮ. ಪುಟ್ಟಿ ಎಲ್ಲಿ ಕೂರ್ತಾಳೆ? ನಾವೆಲ್ಲಿ ಕೂರೋದು?"

"ನೀವು ಯಾಕೆ ಕೂರಬೇಕು?"

ಮಗನ ಮುಖ ಕೆಂಪಾಯಿತು. ಆದರೆ ಅವರು ಅಲ್ಲಿಂದ ಹೊರಡುವಾಗ ಬುಕಿಂಗ್ ಆಗಿತ್ತು. ನಾಲ್ಕೂ ಚಕ್ರಕ್ಕೆ ಎಳೆತ, ಗಟ್ಟಿ ಹಲ್ಲಿನ ಟೈರು, ಎರಡು ಬಾಗಿಲು. ಸಂಜೆ ಗಂಡನಿಗೆ ಹೇಳಿದಾಗ ಅವನು ಕನ್ನಡಕ ಒರೆಸಿಕೊಳ್ಳುತ್ತ, "ನಿನ್ನ ಇಷ್ಟ" ಎಂದ. ಆ ಮನೆಯಲ್ಲಿ 'ನಿನ್ನ ಇಷ್ಟ' ಎಂದರೆ 'ನನಗೆ ಇಷ್ಟವಿಲ್ಲ' ಎಂದು ಅರ್ಥ. ಮದುವೆಯಾದಾಗಿನಿಂದಲೂ ಹಾಗೇ.

ಗಾಡಿ ಬರಲು ಕೆಲವು ವಾರ ಹಿಡಿಯುತ್ತಿತ್ತು. ಅಷ್ಟರಲ್ಲಿ ಮೊಮ್ಮಗಳ ದಿನಚರಿಯೆಲ್ಲ, ಯಾರೂ ಕೂತು ಮಾತಾಡದೆಯೇ, ಸಿಸ್ಟರಮ್ಮನ ಕೈಗೆ ಬಂದುಬಿಟ್ಟಿತ್ತು. ಸೊಸೆ ದೊಡ್ಡ ಬೇಕರಿಯೊಂದರಲ್ಲಿ ಒಲೆಗಳ ಮೇಲ್ವಿಚಾರಕಿ. ಬೆಳಕು ಹರಿಯುವ ಮುಂಚೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದಳು, ಬಂದವಳು ಕೂತಲ್ಲೇ ತೂಕಡಿಸುತ್ತಿದ್ದಳು. ಮಗುವನ್ನು ಎಬ್ಬಿಸುವುದು, ಹಲ್ಲುಜ್ಜಿಸುವುದು, ಶಾಲೆಗೆ ಬಿಡುವುದು, ಕರೆತರುವುದು, ಉಣ್ಣಿಸುವುದು ಎಲ್ಲ ಅಜ್ಜಿಯದೇ. "ನಿನಗೂ ಹೊತ್ತು ಹೋಗತ್ತೆ" ಎಂದಿದ್ದ ಗಂಡ. ಸಿಸ್ಟರಮ್ಮ ಹಲ್ಲು ಕಚ್ಚಿಕೊಂಡು ಮಾಡಿದಳು. ಗಾಡಿ ಬರಲಿ, ಆಮೇಲೆ ನೋಡಿಕೊಳ್ಳೋಣ ಎಂದು.

ಒಂದು ಮಧ್ಯಾಹ್ನ ಮಗುವಿನ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಶೋರೂಮಿನಿಂದ ಫೋನು ಬಂತು. ಟೈ ಹುಡುಗನ ದನಿ ಜೇನಿನ ಹಾಗಿತ್ತು.

"ಮೇಡಂ, ನೀವು ಹೇಳಿದ ಹಾಗೆ ನಾಲ್ಕು ಬಾಗಿಲಿನದಕ್ಕೆ ಬದಲಾಯಿಸಿದೀವಿ. ಫೋರ್‌ವೀಲ್ ಬೇಡ ಅಂದ್ರಲ್ಲ, ಅದನ್ನೂ ತೆಗೆದಿದೀವಿ. ಮಗುವಿನ ಸೀಟು ನಮ್ಮ ಕಡೆಯಿಂದ ಉಚಿತ."

"ಯಾರು ಬೇಡ ಅಂದಿದ್ದು?"

"ಸರ್ ಬಂದಿದ್ರಲ್ಲ ಮೇಡಂ. ದೊಡ್ಡ ಸರ್, ಚಿಕ್ಕ ಸರ್ ಇಬ್ಬರೂ. ನೀವು ಒಪ್ಪಿದೀರಿ ಅಂದ್ರು."

ಬುಕಿಂಗ್ ಮಾಡುವಾಗ ಮಗನ ನಂಬರನ್ನೂ ಕೊಟ್ಟಿದ್ದಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಮಗುವಿನ ಕೈ ಹಿಡಿದುಕೊಂಡು, ಮನೆಯ ಚಪ್ಪಲಿಯಲ್ಲೇ ಬೀದಿಗಿಳಿದಳು.

ಕನ್ನಡಕದ ಅಂಗಡಿಯಲ್ಲಿ ಗಿರಾಕಿಯೊಬ್ಬ ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದ. ಮೂಗಿನ ಮೇಲೆ ಭಾರದ ಚೌಕಟ್ಟು. ಎದುರಿನ ಗೋಡೆಯ ಅಕ್ಷರಗಳನ್ನು ಓದುತ್ತಿದ್ದ. ಗಂಡ ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತ, "ಈಗ? ಈಗ ಚೆನ್ನಾಗಿ ಕಾಣತ್ತಾ?" ಎಂದು ಕೇಳುತ್ತಿದ್ದ.

"ನನಗೆ ಚೆನ್ನಾಗಿ ಕಾಣತ್ತೆ" ಎಂದಳು ಸಿಸ್ಟರಮ್ಮ ಬಾಗಿಲಲ್ಲಿ ನಿಂತು. "ಶೋರೂಮಿಗೆ ಹೋಗಿದ್ರಂತೆ."

ಗಂಡನ ಕೈಯಲ್ಲಿದ್ದ ಗಾಜು ಕೈಯಲ್ಲೇ ಉಳಿಯಿತು. "ಅದು... ಮಗ ಹೇಳಿದ. ಎಲ್ಲರಿಗೂ ಅನುಕೂಲ ಆಗ್ಲಿ ಅಂತ."

"ನನ್ನ ಹೆಸರಲ್ಲಿ ಸುಳ್ಳು ಹೇಳಿದ್ರಾ ಇಲ್ವಾ?"

"ಸುಳ್ಳು ಅಂತಲ್ಲ. ನೀನು ಒಪ್ಪೇ ಒಪ್ತೀಯ ಅಂತ..."

"ಬೆಳಿಗ್ಗೆ ನನ್ನ ಕೈಯಲ್ಲಿ ಚಹಾ ಕುಡಿದು ಬಂದ್ರಲ್ಲ ರೀ. ಆಗ ಬಾಯಿ ಇರಲಿಲ್ವಾ? ಚಹಾಗೆ ಸಕ್ಕರೆ ಜಾಸ್ತಿ ಅಂತ ಹೇಳೋಕೆ ಬಾಯಿ ಬಂತು!"

ಗಿರಾಕಿ ಚೌಕಟ್ಟಿನೊಳಗಿಂದ ದೊಡ್ಡದಾಗಿ ಕಣ್ಣು ಬಿಟ್ಟ. "ನಾನು ಆಮೇಲೆ ಬರಲಾ?"

"ಕೂತ್ಕೊಳ್ಳಿ. ನಿಮಗೂ ಇವರು ಸರಿಯಾಗಿ ಕಾಣ್ಲಿ" ಎಂದು ಸಿಸ್ಟರಮ್ಮ ಮಗುವನ್ನು ಗಂಡನ ಕೈಗೆ ಒಪ್ಪಿಸಿದಳು. "ಹಿಡ್ಕೊಳ್ಳಿ. ನನಗೆ ಶೋರೂಮಿಗೆ ಹೋಗೋದಿದೆ. ಇವಳಿಗೆ ಆರು ಗಂಟೆಗೆ ಹಾಲು. ಬಿಸಿ ಜಾಸ್ತಿ ಮಾಡಬೇಡಿ."

ಶೋರೂಮಿನಲ್ಲಿ ಟೈ ಹುಡುಗನಿಗೆ ಆ ಸಂಜೆ ಏನಾಯಿತೆಂದು ಅಲ್ಲಿಯ ಜನ ಬಹಳ ದಿನ ಆಡಿಕೊಂಡರಂತೆ. ಸಿಸ್ಟರಮ್ಮ ಕೂಗಲಿಲ್ಲ. ವಾರ್ಡಿನಲ್ಲಿ ತಪ್ಪು ಇಂಜೆಕ್ಷನ್ ಹಿಡಿದು ಬಂದ ಹೊಸ ನರ್ಸಿಗೆ ಹೇಳುತ್ತಿದ್ದ ತಣ್ಣನೆಯ ದನಿಯಲ್ಲಿ, "ಹಣ ಕೊಡೋರು ಯಾರು? ಸಹಿ ಯಾರದು? ಹಾಗಾದ್ರೆ ಯಾರನ್ನ ಕೇಳಬೇಕಿತ್ತು?" ಎಂದು ಮೂರು ಪ್ರಶ್ನೆ ಕೇಳಿದಳು. ಗಾಡಿ ಮತ್ತೆ ಎರಡು ಬಾಗಿಲಿನದಾಯಿತು.

ಅವಳು ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಅಡುಗೆ ಸೊಸೆಯೇ ಮಾಡಿದ್ದಳು. ಸಿಸ್ಟರಮ್ಮ ಕೈ ತೊಳೆದು ಬಂದು ಮಗನ ಎದುರಿಗೆ ನಿಂತಳು.

"ನಾನು ನಿನ್ನ ಹೆತ್ತಮ್ಮ. ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವಳಲ್ಲ. ನನ್ನ ಬೆನ್ನ ಹಿಂದೆ ಹೋಗೋ ಧೈರ್ಯ ಎಲ್ಲಿಂದ ಬಂತೋ ನಿನಗೆ?"

"ನಾನು ಸಂಸಾರದ ದೃಷ್ಟಿಯಿಂದ ಯೋಚನೆ ಮಾಡ್ದೆ. ಐದು ಜನ ಇರೋ ಮನೇಲಿ ಎರಡು ಸೀಟಿನ ಗಾಡಿ ಯಾರಾದ್ರೂ ತಗೋತಾರಾ? ಸ್ವಾರ್ಥ ಅಮ್ಮ ಇದು."

"ಸ್ವಾರ್ಥ!" ಸಿಸ್ಟರಮ್ಮನಿಗೆ ಕೋಪ ನೆತ್ತಿಗೇರಿತು. "ನಿನ್ನ ಫೀಸು ಕಟ್ಟೋಕೆ ಜೋಡಿ ಡ್ಯೂಟಿ ಮಾಡಿದಾಗ ಈ ಮಾತು ಎಲ್ಲಿ ಹೋಗಿತ್ತು?"

"ಹೌದು ಅತ್ತೆ, ಸ್ವಾರ್ಥಾನೇ."

ಮಾತಾಡಿದ್ದು ಸೊಸೆ. ಸೌಟು ಹಿಡಿದುಕೊಂಡೇ ಎದ್ದು ನಿಂತಿದ್ದಳು.

"ಪುಟ್ಟಿ ಹುಟ್ಟಿದಾಗ ಆಸ್ಪತ್ರೆ ಮಂಚದ ಪಕ್ಕ ನಿಂತು ಏನಂದ್ರಿ? 'ನೀನು ಕೆಲಸ ಬಿಡಬೇಡ, ನಾನು ನಿವೃತ್ತಿ ಆಗ್ತೀನಲ್ಲ, ಮಗು ನನಗೆ ಬಿಡು' ಅಂದ್ರಿ. ಆ ಮಾತು ನಂಬಿಕೊಂಡೇ, ನೀವು ನಿವೃತ್ತಿ ಆದ ತಕ್ಷಣ, ನಾನು ಈ ಬೆಳಗಿನ ಪಾಳಿ ಒಪ್ಪಿಕೊಂಡಿದ್ದು. ಪಕ್ಕದ ಬೀದಿ ಶಿಶುವಿಹಾರದೋರು ಜಾಗ ಇದೆ ಅಂದಾಗ ಬೇಡ ಅಂದಿದ್ದು. ಈಗ ಮನಸ್ಸು ಬಂದಾಗೆಲ್ಲ ಹೋಗ್ತಾರಂತೆ! ನನಗೆ ಒಂದು ಮಾತು ಹೇಳಿದ್ರಾ? ಊಟ ಬಡಿಸಿ ಸುದ್ದಿ ಓದಿದ ಹಾಗೆ ಓದಿದ್ರಿ!"

ಆ ಮಾತು ಸಿಸ್ಟರಮ್ಮ ಕೊಟ್ಟದ್ದು ನಿಜ. ಕೊಡುವಾಗ ಮಗು ಕೈಯಲ್ಲಿತ್ತು, ಬೆಚ್ಚಗಿತ್ತು, ನಿವೃತ್ತಿ ಎಲ್ಲೋ ದೂರದಲ್ಲಿತ್ತು. ಮರೆತಿರಲಿಲ್ಲ. ಯಾರೂ ಎತ್ತುವುದಿಲ್ಲ ಎಂದುಕೊಂಡಿದ್ದಳು ಅಷ್ಟೆ. ತಪ್ಪು ಗೊತ್ತಾದದ್ದರಿಂದ ಕೋಪ ಇಳಿಯಲಿಲ್ಲ, ಇನ್ನೂ ಏರಿತು.

"ಹಾಗಂತ ನಾನು ಸಾಯೋವರೆಗೂ ಆಯಾ ಕೆಲಸ ಮಾಡ್ಲಾ?"

"ನಾನು ಸಾಯೋವರೆಗೂ ಮೂರೂವರೆಗೆ ಏಳ್ಲಾ?"

"ನನ್ನ ಮೇಲೆ ಯಾಕೆ ಕೂಗ್ತೀಯ?"

"ಮತ್ಯಾರ ಮೇಲೆ ಕೂಗ್ಲಿ?"

ಹೀಗೆ ಮೇಜಿನ ಆ ಕಡೆ ಈ ಕಡೆ ನಿಂತು ಇಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದಾಗ, ನಡುವೆ ಒಂದು ಸದ್ದಾಯಿತು. ಮಗ ಪಾತ್ರೆಯ ತಳ ಕೆರೆದು ಉಳಿದ ಪಲ್ಯವನ್ನು ತಟ್ಟೆಗೆ ಹಾಕಿಕೊಳ್ಳುತ್ತಿದ್ದ. ಅಪ್ಪನಿಗೂ ಒಂಚೂರು ಹಾಕಿದ.

ಇಬ್ಬರೂ ಮಾತು ನಿಲ್ಲಿಸಿ ಅವನನ್ನು ನೋಡಿದರು.

"ಏನು?" ಎಂದ ಮಗ.

"ನಿಮ್ಮ ಆಫೀಸು ಎಷ್ಟು ಹೊತ್ತಿಗೆ ರೀ?" ಸೊಸೆಯ ದನಿ ಈಗ ಸಣ್ಣದಾಗಿತ್ತು.

"ಒಂಬತ್ತೂವರೆಗೆ. ಯಾಕೆ?"

"ಪುಟ್ಟಿ ಶಾಲೆ ಎಂಟೂವರೆಗೆ."

"ಅದಕ್ಕೆ?"

"ಅದಕ್ಕೆ ಅಂತೆ!" ಸಿಸ್ಟರಮ್ಮ ಸೊಸೆಯ ಕಡೆ ತಿರುಗಿದಳು. "ಕೇಳಿದೆಯೇನೇ? ಅದಕ್ಕೆ ಅಂತೆ! ಮೂರು ವಾರದಿಂದ ಗಾಡಿಗೆ ಎಷ್ಟು ಸೀಟು, ಎಷ್ಟು ಬಾಗಿಲು ಅಂತ ತಲೆ ತಿಂದ. ಮಗು ಎಲ್ಲಿ ಕೂರತ್ತೆ ಅಂತ ಚಿಂತೆ ಮಾಡ್ದ. ಮಗೂನ ಯಾರು ಎಬ್ಬಿಸ್ತಾರೆ ಅಂತ ಒಂದು ದಿನ ಕೇಳಿದಾನಾ?"

"ನನಗೆ ಅದೆಲ್ಲ ಅಭ್ಯಾಸ ಇಲ್ಲ ಅಮ್ಮ..."

"ನಾನೇನು ಹೊಟ್ಟೇಲಿ ಕಲ್ತು ಬಂದೆನಾ?" ಎಂದಳು ಸೊಸೆ. ಸೌಟನ್ನು ಗಂಡನ ತಟ್ಟೆಯ ಪಕ್ಕ ಇಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಸ್ಟರಮ್ಮ ತನ್ನ ಕೋಣೆಗೆ ಹೋದಳು. ಆ ದಿನ ಪಾತ್ರೆಗಳನ್ನು ಯಾರು ತೊಳೆದರೋ ಅವಳು ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ ಎಲ್ಲವಕ್ಕೂ ಸೋಪಿನ ಬಿಳಿ ಅಂಟಿಕೊಂಡಿತ್ತು.

ಅದಾದ ಮೇಲೆ ಮನೆಯಲ್ಲಿ ಮಾತು ಕಮ್ಮಿಯಾಯಿತು. ಸೊಸೆ ಅತ್ತೆಗೆ ಹೇಳಬೇಕಾದ್ದನ್ನು ಮಗಳ ಮೂಲಕ ಹೇಳಿಸಿದಳು. "ಅಜ್ಜಿ, ಅಮ್ಮ ಕೇಳ್ತಿದಾಳೆ, ಮೊಟ್ಟೆ ಮುಗೀತಾ ಅಂತ." "ಮುಗೀತು ಅಂತ ನಿಮ್ಮಮ್ಮನಿಗೆ ಹೇಳು. ನಿಮ್ಮಪ್ಪ ತರ್ಲಿ ಅಂತಾನೂ ಹೇಳು." ಮಗ ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡಲು ಶುರು ಮಾಡಿದ. ದಿನಾ ತಡವಾಗುತ್ತಿತ್ತು, ದಿನಾ ಒಂದು ಕಾಲುಚೀಲ ಕಳೆಯುತ್ತಿತ್ತು, ದಿನಾ ಅವನ ಮುಖ ಊದಿಕೊಂಡಿರುತ್ತಿತ್ತು. ಸಿಸ್ಟರಮ್ಮ ನೋಡುತ್ತಿದ್ದಳು. ಕಾಲುಚೀಲ ಎಲ್ಲಿದೆ ಎಂದು ಅವಳಿಗೆ ಗೊತ್ತಿರುತ್ತಿತ್ತು. ಹೇಳುತ್ತಿರಲಿಲ್ಲ.

ಗಾಡಿ ಬಂದ ದಿನ ಕೆಳಗಿಳಿದು ನೋಡಿದವರು ಮೊಮ್ಮಗಳು ಮತ್ತು ಪಕ್ಕದ ಮನೆಯವರು. ಬಣ್ಣ ಕೆಂಪಲ್ಲ, ಮಣ್ಣಿನದು. ಮಗುವಿಗೆ ಸಿಟ್ಟು ಬಂತು. ಪಕ್ಕದ ಮನೆಯಾತ ಟೈರನ್ನು ಒದ್ದು ನೋಡಿ, "ನಮ್ಮ ಸೋಫಾ ಆರಾಮಾಗಿ ಹಿಡಿಸತ್ತೆ" ಎಂದ.

"ಹಿಡಿಸತ್ತೆ. ಆದ್ರೆ ಹತ್ತಿಸಲ್ಲ" ಎಂದಳು ಸಿಸ್ಟರಮ್ಮ.

ಮೊದಲ ಪ್ರಯಾಣ ಶನಿವಾರ ಮಧ್ಯಾಹ್ನ ಎಂದು ನಿಗದಿಯಾಗಿತ್ತು. ನೀರಿನ ಕ್ಯಾನು, ಹಾಸಿಗೆ, ಟಾರ್ಪಾಲು, ಗುದ್ದಲಿ, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಎಲ್ಲವನ್ನೂ ತೊಟ್ಟಿಗೆ ಜೋಡಿಸಿ ಹಗ್ಗ ಬಿಗಿಯುತ್ತಿದ್ದಾಗ ಎಕ್ಸ್‌ರೇಯ ಫೋನು ಬಂತು.

"ಬೀಗರು ಬರ್ತಾರಂತೆ ಕಣೇ. ಈಗ ಹೇಳಿದ್ರು. ಮಗಳು ಅಳ್ತಿದಾಳೆ, ನೀನಿರಲೇಬೇಕು ಅಮ್ಮ ಅಂತ. ಮುಂದಿನ ವಾರ ಹೋಗೋಣ ಬಿಡು."

"ನಿನ್ನ ಮುಂದಿನ ವಾರಕ್ಕೆ ಬೆಂಕಿ ಹಾಕ!"

"ನನ್ನ ಮೇಲೆ ಯಾಕೆ ರೇಗ್ತೀಯ? ನಾನು ಏನು ಮಾಡ್ಲಿ?"

"ಬೀಗರಿಗೆ ಚಹಾ ಮಾಡು" ಎಂದು ಫೋನು ಕುಕ್ಕಿದಳು. ಗಾಡಿಗೆ ಒರಗಿ ನಿಂತಳು. ಮೇಲೆ ಹೋದರೆ ಮಗ 'ನಾನು ಹೇಳಲಿಲ್ವಾ' ಎನ್ನುತ್ತಾನೆ, ಗಂಡ ಗಾಜಿನ ಕಪಾಟಿನ ಮಾತು ತೆಗೆಯುತ್ತಾನೆ. ಒಬ್ಬಳೇ ಹೋಗುತ್ತೇನೆ ಎಂದು ಡ್ರೈವರ್ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡಳು. ಬೀಗದ ಕೈ ತಿರುಗಿಸುವಷ್ಟರಲ್ಲಿ ಇನ್ನೊಂದು ಬಾಗಿಲು ತೆರೆಯಿತು.

ಸೊಸೆ. ಬೇಕರಿಯಿಂದ ಈಗಷ್ಟೇ ಬಂದಿದ್ದಳು. ಮೊಣಕೈವರೆಗೂ ಹಿಟ್ಟು, ಕಣ್ಣ ಕೆಳಗೆ ಕಪ್ಪು. ಕೈಚೀಲವನ್ನು ಕಾಲ ಬುಡದಲ್ಲಿ ಇಟ್ಟು, ಹತ್ತಿ ಕೂತು, ಬೆಲ್ಟು ಎಳೆದುಕೊಂಡಳು.

"ನಾಳೆ ನನಗೆ ರಜ. ನಡೀರಿ" ಎಂದಳು ಗಾಜಿನಾಚೆ ನೋಡುತ್ತ. "ನನ್ನ ಹತ್ರ ಮಾತಾಡಬೇಡಿ. ನನಗೆ ಇನ್ನೂ ಕೋಪ ಇದೆ."

"ನನಗೂ ಇದೆ" ಎಂದು ಸಿಸ್ಟರಮ್ಮ ಗಾಡಿ ಚಾಲೂ ಮಾಡಿದಳು.

ಮೇಲಿನ ಬಾಲ್ಕನಿಯಲ್ಲಿ ಮಗ ಕಾಣಿಸಿದ. ಮಗು ಅವನ ಸೊಂಟದಲ್ಲಿತ್ತು. "ಎಲ್ಲಿಗೆ? ಏ, ಇಬ್ಬರೂ ಎಲ್ಲಿಗೆ ಹೋಗ್ತಿದೀರ?"

"ನಾಳೆ ಸಂಜೆ ಬರ್ತೀವಿ!" ಸೊಸೆ ಕಿಟಕಿಯಿಂದ ತಲೆ ಹಾಕಿ ಕೂಗಿದಳು.

"ನಾಳೆ? ಮತ್ತೆ ಪುಟ್ಟಿ? ಏ, ನಿಲ್ಲು! ಹಾಲು ಎಲ್ಲಿದೆ?"

ಗಾಡಿ ಬೀದಿಯ ತಿರುವು ದಾಟಿತು.

ಪಟ್ಟಣ ಮುಗಿದು, ಕಲ್ಲು ಒಡೆಯುವ ಗಣಿ ಮುಗಿದು, ಡಾಂಬರೂ ಮುಗಿಯಿತು. ಸೊಸೆ ನಿದ್ದೆ ಹೋಗಿದ್ದಳು. ಗುಡ್ಡದ ಕಲ್ಲುದಾರಿಯಲ್ಲಿ ಗಾಡಿ ಕುಲುಕಿದಾಗ ತಲೆ ಕಿಟಕಿಗೆ ಬಡಿದು ಎಚ್ಚರವಾಯಿತು. ಸಿಸ್ಟರಮ್ಮ ಹಲ್ಲು ಕಚ್ಚಿ, ಸ್ಟೀರಿಂಗಿಗೆ ಎದೆಯಾನಿಸಿ, ಗಾಡಿಯನ್ನು ಸಣ್ಣ ಗೇರಿನಲ್ಲಿ ಒಂದೊಂದೇ ಕಲ್ಲು ಹತ್ತಿಸುತ್ತಿದ್ದಳು. ಗುಡ್ಡ ಇಳಿದ ಮೇಲೆ ಹೊಳೆಯ ಬಯಲು ಕಾಣಿಸಿತು. ಅಗಲವಾದ ಮರಳು, ನಡುವೆ ಸಣ್ಣ ನೀರು. ಅದನ್ನು ನೋಡಿ ಅವಳಿಗೆ ಎಷ್ಟು ಖುಷಿಯಾಯಿತೆಂದರೆ ನಾಲ್ಕೂ ಚಕ್ರದ ಎಳೆತ ಹಾಕುವುದನ್ನೇ ಮರೆತಳು. ನಡುಬಯಲಿನಲ್ಲಿ ಹಿಂದಿನ ಚಕ್ರಗಳು ಮರಳು ಚಿಮ್ಮಿಸುತ್ತ ಕುಸಿದವು.

ಇನ್ನಷ್ಟು ಒತ್ತಿದಳು. ಇನ್ನಷ್ಟು ಕುಸಿಯಿತು.

"ಒತ್ತಬೇಡಿ!" ಎಂದಳು ಸೊಸೆ.

"ಮಾತಾಡಬೇಡಿ ಅಂದವಳು ನೀನೇ."

"ನೀವು ಹೂತು ಹಾಕ್ತಿದೀರ ಅತ್ತೆ!"

ಇಬ್ಬರೂ ಇಳಿದರು. ಸೊಸೆ ಗುದ್ದಲಿ ಕಿತ್ತುಕೊಂಡು ಚಕ್ರದ ಮುಂದಿನ ಮರಳನ್ನು ಅಗೆಯತೊಡಗಿದಳು. ದಿನಾ ಮೂಟೆಗಟ್ಟಲೆ ಹಿಟ್ಟು ಎತ್ತುವ ತೋಳು, ಮರಳು ಹಾರಿ ಹಾರಿ ಬೀಳುತ್ತಿತ್ತು. ಸಿಸ್ಟರಮ್ಮ ಮೊಣಕಾಲೂರಿ, ಟೈರುಗಳು ಮರಳಿನ ಮೇಲೆ ಅಗಲವಾಗಿ ಕೂರಲಿ ಎಂದು ಅವುಗಳ ಗಾಳಿ ಒಂದಿಷ್ಟು ಬಿಟ್ಟಳು. ಬೆವರು ಕಣ್ಣಿಗಿಳಿಯಿತು.

"ಮಾತು ಕೊಟ್ಟು ತಪ್ಪಿದ್ದು ನಿಜ" ಎಂದಳು ಟೈರಿಗೇ ಹೇಳುವವಳಂತೆ. "ನಿನ್ನ ಹತ್ರ ಮೊದಲು ಹೇಳಬೇಕಿತ್ತು. ಹೆದರಿಕೆ ಆಯ್ತು. ಹೇಳಿದ್ರೆ ನೀನು ಬೇಡ ಅಂತೀಯ, ಆಮೇಲೆ ನಾನು ಹೋಗಲ್ಲ ಅಂತ."

"ಇದನ್ನ ಮನೇಲೇ ಹೇಳಬಹುದಿತ್ತಲ್ಲ!"

"ಮನೇಲಿ ನೀನು ಕೂಗ್ತಿದ್ದೆ."

"ಇಲ್ಲೂ ಕೂಗ್ತಿದೀನಿ!"

"ಇಲ್ಲಿ ಯಾರಿಗೂ ಕೇಳಲ್ಲ. ಬೇಕಾದಷ್ಟು ಕೂಗು."

ಸೊಸೆ ಗುದ್ದಲಿ ಊರಿ ನಿಂತಳು. ಸುತ್ತ ನೋಡಿದಳು. ಮನುಷ್ಯರ ಸುಳಿವಿರಲಿಲ್ಲ. ಎದೆ ತುಂಬ ಉಸಿರೆಳೆದುಕೊಂಡು, ನಿಜಕ್ಕೂ ಕೂಗಿದಳು.

"ಹಾಲು ಎಲ್ಲಿದೆ ಅಂತ ಕೇಳ್ತಾನೆ! ನಾಲ್ಕು ವರ್ಷ ಆಯ್ತು! ಫ್ರಿಜ್ಜಲ್ಲಿರತ್ತೆ ಕಣಯ್ಯಾ ಹಾಲು! ಫ್ರಿಜ್ಜಲ್ಲಿ!"

ನೀರಿನ ಹತ್ತಿರ ಕೂತಿದ್ದ ಹಕ್ಕಿಗಳು ಹಾರಿದವು. ಎದುರು ದಂಡೆಯಿಂದ 'ಫ್ರಿಜ್ಜಲ್ಲಿ' ಎಂದು ವಾಪಸು ಬಂತು. ಸಿಸ್ಟರಮ್ಮನಿಗೆ ಮೊದಲು ನಗು ಬಂತು, ಆಮೇಲೆ ಸೊಸೆಯ ಮುಖ ನೋಡಿ ನಿಂತಿತು. ಸೊಸೆ ಅಳುತ್ತಿದ್ದಳು, ಅಳುತ್ತಲೇ ಮತ್ತೆ ಅಗೆಯುತ್ತಿದ್ದಳು. ಸಿಸ್ಟರಮ್ಮ ಸಮಾಧಾನ ಮಾಡಲು ಹೋಗಲಿಲ್ಲ. ಸೀಟಿನ ಕೆಳಗಿನ ರಬ್ಬರ್ ಹಾಸುಗಳನ್ನು ತಂದು ಚಕ್ರಗಳ ಅಡಿಗೆ ತುರುಕಿ, ನಾಲ್ಕೂ ಚಕ್ರದ ಎಳೆತ ಹಾಕಿ, ಸಣ್ಣ ಗೇರಿನಲ್ಲಿ ಮೆಲ್ಲಗೆ ಬಿಟ್ಟಳು. ಸೊಸೆ ಹಿಂದಿನಿಂದ ಭುಜ ಕೊಟ್ಟು ನೂಕಿದಳು. ಗಾಡಿ ನರಳಿ, ತಡೆದು, ಎದ್ದು ಬಂತು.

ಕತ್ತಲಾಗುವಷ್ಟರಲ್ಲಿ ಬ್ರೆಡ್ಡು ಮೊಟ್ಟೆ ತಿಂದು ಇಬ್ಬರೂ ತೊಟ್ಟಿಯಲ್ಲಿ ಹಾಸಿಕೊಂಡರು. ಸೊಸೆಯ ಕೈಚೀಲದಲ್ಲಿ ಫೋನು ಒಂದೇ ಸಮನೆ ಬಡಿದುಕೊಂಡಿತು. ಅವಳಿಗೆ ಎಚ್ಚರವಾಗಲಿಲ್ಲ. ಸಿಸ್ಟರಮ್ಮ ಎತ್ತಿದಳು.

"ಅಮ್ಮ, ಪುಟ್ಟಿ ಮಲಗ್ತಿಲ್ಲ. ಅಮ್ಮ ಬೇಕಂತೆ. ಅವಳಿಗೆ ಕೊಡು."

"ಮಲಗಿದಾಳೆ. ಎಬ್ಬಿಸಲ್ಲ."

"ಮತ್ತೆ ನಾನೇನು ಮಾಡ್ಲಿ?"

"ಎತ್ಕೊಂಡು ಓಡಾಡು. ಕೈ ನೋಯತ್ತೆ. ನೋಯ್ಲಿ" ಎಂದು ಇಟ್ಟಳು.

ಮರುದಿನ ಸಂಜೆ ಅವರು ಮೆಟ್ಟಿಲು ಹತ್ತಿ ಬಂದಾಗ ಮನೆ ಯಾರೋ ಕೊಳ್ಳೆ ಹೊಡೆದು ಹೋದ ಹಾಗಿತ್ತು. ಸೋಫಾದ ಮೇಲೆ ಒದ್ದೆ ಬಟ್ಟೆ, ನೆಲದ ಮೇಲೆ ಅನ್ನದಗುಳು, ಒಲೆಯ ಮೇಲೆ ತಳ ಹತ್ತಿದ ಪಾತ್ರೆ. ಮಗು ಅಪ್ಪನ ಅಂಗಿ ತೊಟ್ಟು ನಿದ್ದೆ ಹೋಗಿತ್ತು. ಸಿಸ್ಟರಮ್ಮನ ಗಂಡ ನಿಂತು ಪಾತ್ರೆ ಉಜ್ಜುತ್ತಿದ್ದ. ಉಪ್ಪಿನ ಮಾತು ಎತ್ತಲಿಲ್ಲ.

ಮಗ ಬಾಗಿಲಲ್ಲೇ ಸಿಡಿದ. "ಮನುಷ್ಯರಾ ನೀವು? ಒಂದು ಮಾತು ಹೇಳದೇ ಹೋಗೋದಾ? ನಿನ್ನೆಯಿಂದ ನಾನು ಕೂತಿಲ್ಲ ಗೊತ್ತಾ? ಊಟ ಮಾಡ್ಸೋದರೊಳಗೆ ಇನ್ನೊಂದು ಊಟದ ಹೊತ್ತಾಗತ್ತೆ! ಹೀಗೆ ಏಕಾಏಕಿ ತಲೆ ಮೇಲೆ ಹಾಕಿ ಹೋದ್ರೆ ಹೇಗೆ?"

ಅತ್ತೆ ಸೊಸೆ ಇಬ್ಬರೂ ಅವನನ್ನು ಕೊನೆಯವರೆಗೂ ಮಾತಾಡಲು ಬಿಟ್ಟರು. ಸೊಸೆಯ ಕೂದಲಿನಿಂದ ಮರಳು ಉದುರುತ್ತಿತ್ತು.

"ಮುಂದಿನ ಸಲ ಹೋಗೋದಾದ್ರೆ" ಮಗನಿಗೆ ಉಸಿರು ಕಟ್ಟಿತ್ತು, "ಒಂದು ವಾರ ಮುಂಚೆನಾದ್ರೂ ಹೇಳಿ!"

"ಮುಂದಿನ ತಿಂಗಳು, ಎರಡನೇ ಶನಿವಾರ" ಎಂದಳು ಸೊಸೆ. "ಹೇಳಿಯಾಯ್ತು."

ಅವಳು ಅವನನ್ನು ದಾಟಿಕೊಂಡು ಸ್ನಾನಕ್ಕೆ ಹೋದಳು.